ಬಲಗೈ ಸುದ್ದಿ

"ಯಾಕ್ಲಾ ಮಗ, ಆ ತಂತಿ ಮ್ಯಾಲೆ ಅಷ್ಟೊಂದು ಸಿಟ್ಟು?"

ನಾನು ನುಡಿಸಿದ್ದಕ್ಕೆ ಇದುವರೆಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ಚಿಕ್ಕದು, ಇದಕ್ಕಿಂತ ಸರಿಯಾದ್ದು ಇನ್ನೊಂದಿಲ್ಲ. ಹೇಳಿದ್ದು ನನ್ನ ಚಿಕ್ಕಪ್ಪ. ಜಾಗ ಶಿವಪುರದ ನಮ್ಮ ಮನೆ ಜಗಲಿ. ಹೊಸತೊಡಕಿನ ಬಾಡೂಟ ಮುಗಿದು ಎಲ್ಲರೂ ಅಲ್ಲಲ್ಲೇ ಒರಗಿಕೊಂಡಿದ್ದರು. ಬೆಂಗಳೂರಿನಿಂದ ಹೆಗಲ ಮೇಲೆ ಹೊತ್ತು ತಂದಿದ್ದ ಟೆನರ್ ಬ್ಯಾಂಜೋ ಹೊರಗೆ ತೆಗೆದು, ಎಂಟು ತಿಂಗಳು ಒದ್ದಾಡಿ ಕಲಿತಿದ್ದ ಒಂದು ಐರಿಷ್ ರೀಲನ್ನು (ಇನ್‌ಸ್ಟಾಗ್ರಾಮ್ ರೀಲ್ ಅಲ್ಲ, ಕುಣಿತದ ಮಟ್ಟು) ಪೂರ್ತಿ ಸ್ಪೀಡಲ್ಲಿ ನುಡಿಸಿದ್ದೆ. ಇದೇ ಮಟ್ಟಿಗೆ ಇಂದಿರಾನಗರದ ಒಂದು ಓಪನ್ ಮೈಕ್‌ನಲ್ಲಿ ಸಿಳ್ಳೆ ಬಿದ್ದಿತ್ತು. ಜಗಲಿಯಲ್ಲಿ ಬಿದ್ದದ್ದು ಈ ಒಂದು ಪ್ರಶ್ನೆ.

ಶಿವಪುರ ಅಂದ್ರೆ ಮದ್ದೂರಿಗೆ ಅಂಟಿಕೊಂಡಿರೋ ಶಿವಪುರ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಏರಿಸಿದ ಊರು. ಅದರ ನೆನಪಿಗೆ ಸತ್ಯಾಗ್ರಹ ಸೌಧ ಇದೆ. ಹೊಸ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮೈಸೂರಿಗೆ ಹೋಗೋ ನಿಮಗೆಲ್ಲ ಮದ್ದೂರು ಯಾವಾಗ ಬಂತು, ಯಾವಾಗ ಹೋಯ್ತು ಅನ್ನೋದೇ ಗೊತ್ತಾಗಲ್ಲ. ನಾನು ಹೋಗಿದ್ದು ರೈಲಲ್ಲಿ. ಎದುರು ಸೀಟಿನ ಅಜ್ಜಿ ಬ್ಯಾಂಜೋದ ಚೀಲ ನೋಡಿ "ತಮಟೆನಾ ಮಗ?" ಅಂತ ಕೇಳಿದ್ದರು. ನಗಬೇಡಿ. ಅಜ್ಜಿ ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಆಮೇಲೆ ಬರ್ತೀನಿ.

ಮೊದಲು ವಾದ್ಯದ ವಿಷಯ. ನಮ್ಮಲ್ಲಿ ಬ್ಯಾಂಜೋ ಅಂದರೆ ಒಬ್ಬೊಬ್ಬರಿಗೆ ಒಂದೊಂದು. ಬೆಳಗಾವಿ ಕಡೆಯವರಿಗೆ, ಮುಂಬೈ ಗಣೇಶೋತ್ಸವ ನೋಡಿದವರಿಗೆ ಅದು ಟೈಪ್‌ರೈಟರ್ ಥರ ಗುಂಡಿ ಒತ್ತಿ ನುಡಿಸೋ ಬುಲ್‌ಬುಲ್ ತರಂಗ್. ಅದರ ತಾಯಿ ಜಪಾನಿನ ತೈಶೋಗೊತೊ, 1912ರಲ್ಲಿ ನಗೋಯಾದಲ್ಲಿ ಹುಟ್ಟಿದ್ದು. ಸ್ಪಾಟಿಫೈ ಜನಕ್ಕೆ ಬ್ಯಾಂಜೋ ಅಂದ್ರೆ ಬೇಲಾ ಫ್ಲೆಕ್, ಝಾಕಿರ್ ಹುಸೇನ್, ರಾಕೇಶ್ ಚೌರಾಸಿಯಾ, ಎಡ್ಗರ್ ಮೇಯರ್ ಜೊತೆ 2024ರಲ್ಲಿ ಗ್ರ್ಯಾಮಿ ತಗೊಂಡ ಮನುಷ್ಯ. ಅವನದ್ದು ಐದು ತಂತಿ, ಬೆರಳುಗಳಿಗೆ ಕೃತಕ ಉಗುರು ತೊಟ್ಟು ನುಡಿಸೋ ಪದ್ಧತಿ. ನನ್ನದು ಇವೆರಡೂ ಅಲ್ಲ. ಟೆನರ್ ಬ್ಯಾಂಜೋಗೆ ನಾಲ್ಕೇ ತಂತಿ, ಕೈಲಿ ಒಂದೇ ಪಿಕ್. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟ ಪಶ್ಚಿಮ ಆಫ್ರಿಕಾದ ಜನರ ಬುರುಡೆ ವಾದ್ಯ ಅಮೆರಿಕದಲ್ಲಿ ಬ್ಯಾಂಜೋ ಆಯಿತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅದರದೊಂದು ಗಿಡ್ಡ ಮರಿ ಡ್ಯಾನ್ಸ್ ಬ್ಯಾಂಡುಗಳಿಗಾಗಿ ತಯಾರಾಯಿತು. 1920ರ ದಶಕದ ಜಾಝ್‌ನಲ್ಲಿ ಮೆರೆದು, ಗಿಟಾರ್ ಬಂದ ಮೇಲೆ ಅಲ್ಲಿ ಮೂಲೆ ಸೇರಿತು. ಐರ್ಲೆಂಡಿನವರು ಅದನ್ನು ಎತ್ತಿಕೊಂಡು ಪಿಟೀಲಿನ ಶ್ರುತಿಗೆ, ಒಂದು ಸ್ಥಾಯಿ ಕೆಳಗೆ, ಇಳಿಸಿಕೊಂಡು ತಮ್ಮದು ಮಾಡಿಕೊಂಡರು. ಆ ಶ್ರುತಿಯನ್ನು ಮನೆಮಾತು ಮಾಡಿದವನು ಡಬ್ಲಿನರ್ಸ್ ತಂಡದ ಬಾರ್ನಿ ಮೆಕೆನ್ನಾ (1939–2012).

ಬಾರ್ನಿ 'ದಿ ಮೇಸನ್ಸ್ ಏಪ್ರನ್' ನುಡಿಸೋದನ್ನ ಯೂಟ್ಯೂಬ್‌ನಲ್ಲಿ ನೋಡಿಯೇ ನನ್ನಂಥವರು ಹಾಳಾಗಿದ್ದು. ಮೆಟ್ರೊನೋಮನ್ನು 110ಕ್ಕೆ ಇಟ್ಟು, ಒಂದು ಬಡಿತಕ್ಕೆ ನಾಲ್ಕು ಸ್ವರ ಅಂತ ರೀಲ್ ನುಡಿಸಿದರೆ ಸೆಕೆಂಡಿಗೆ ಏಳಕ್ಕಿಂತ ಹೆಚ್ಚು ಸ್ವರ ಆಗುತ್ತೆ. ಅದರ ಮಧ್ಯೆ ಟ್ರಿಪ್ಲೆಟ್, ಅಂದರೆ ಎರಡು ಸ್ವರದ ಜಾಗದಲ್ಲಿ ಮೂರು ಪೆಟ್ಟು, ಕೆಳಗೆ-ಮೇಲೆ-ಕೆಳಗೆ. ಪಿಟೀಲಿನವರು ಬಿಲ್ಲನ್ನು ಮಣಿಕಟ್ಟಿನಿಂದ ನಡುಗಿಸಿ ಮಾಡೋದನ್ನ ಬ್ಯಾಂಜೋದವರು ಪಿಕ್‌ನಲ್ಲಿ ಮಾಡ್ತಾರೆ. ಕೇಳೋಕೆ ಹುರಿದ ಕಡಲೆ ತಗಡಿನ ಮೇಲೆ ಚೆಲ್ಲಿದ ಹಾಗೆ. ನಾನು ಕಲಿತ ವಿಡಿಯೋಗಳಲ್ಲೆಲ್ಲ ಪಾಠ ಒಂದೇ: ತೆಳು ಪಿಕ್ ತಗೊಳ್ಳಿ (0.6 ಮಿಲಿಮೀಟರ್, ಹೆಚ್ಚೆಂದರೆ 0.73), ಮಣಿಕಟ್ಟು ಸಡಿಲ ಬಿಡಿ, ದಿನಕ್ಕೆ ಎರಡೆರಡು ಬಿಪಿಎಂ ಏರಿಸಿ. ಕೆಪಿಐ ಇಟ್ಟುಕೊಂಡು ಬದುಕೋ ನಮಗೆ ಇದಕ್ಕಿಂತ ಒಗ್ಗೋ ಸಂಗೀತ ಶಿಕ್ಷಣ ಇನ್ನೇನಿದೆ ಹೇಳಿ? ನಾನು ಎಕ್ಸೆಲ್ ಶೀಟ್ ಕೂಡ ಮಾಡಿದ್ದೆ. ಟ್ರಿಪ್ಲೆಟ್ ಬಂದ ದಿನದಿಂದ ಸಿಕ್ಕ ಸಿಕ್ಕ ಕಡೆ ಹಾಕಿದೆ, ಹೊಸದಾಗಿ ಅಡುಗೆ ಕಲಿತವರು ಕೊತ್ತಂಬರಿ ಸೊಪ್ಪು ಉದುರಿಸೋ ಹಾಗೆ.

ಚಿಕ್ಕಪ್ಪನ ಪ್ರಶ್ನೆ ಆದ ಮೇಲೆ, ಆ ರಾತ್ರಿ ಬಾರ್ನಿಯನ್ನ ಮತ್ತೆ ಕೇಳಿದೆ. ಈ ಸಲ ಪೆಟ್ಟು ಎಣಿಸಲಿಲ್ಲ, ಪೆಟ್ಟು ಇಲ್ಲದ ಕಡೆ ಕಿವಿ ಇಟ್ಟೆ. ವೇಗ ಇದೆ, ಅದನ್ನ ಅಲ್ಲಗಳೆಯೋಕೆ ಆಗಲ್ಲ. ಆದರೆ ಆತ ಟ್ರಿಪ್ಲೆಟ್ ಹಾಕೋದು ಮಟ್ಟು ತಿರುವು ತಗೊಳ್ಳೋ ಕಡೆ. ತಿರುವಿನಲ್ಲಿ ಹಾರ್ನ್ ಹೊಡೆದು ಮುಂದೆ ಸುಮ್ಮನೆ ಓಡಿಸೋ ಹಳೇ ಕೆಎಸ್‌ಆರ್‌ಟಿಸಿ ಡ್ರೈವರ್ ಹಾಗೆ. ನಾನು ರಸ್ತೆಯುದ್ದಕ್ಕೂ ಹಾರ್ನ್ ಮೇಲೆ ಕೈ ಇಟ್ಟವನು.

ಇಲ್ಲಿ ಅಜ್ಜಿಯ ತಮಟೆ ಬರುತ್ತೆ. ಬ್ಯಾಂಜೋದ ತಂತಿ ನಿಂತಿರೋದು ಮರದ ಹಲಗೆ ಮೇಲಲ್ಲ, ಬಿಗಿದ ತೊಗಲಿನ ಮೇಲೆ (ಈಗೆಲ್ಲ ಪ್ಲಾಸ್ಟಿಕ್ ಹಾಳೆ). ತೊಗಲು ಹಗುರ. ತಂತಿಯಲ್ಲಿರೋ ಕಸುವನ್ನೆಲ್ಲ ಅದು ಒಂದೇ ಸಲ ಹೀರಿ ಗಾಳಿಗೆ ಎಸೆದುಬಿಡುತ್ತೆ. ಹಾಗಾಗಿ ಸದ್ದು ಜೋರು, ಆಯಸ್ಸು ಕಮ್ಮಿ. ಗಿಟಾರಿನಲ್ಲಿ ಒಂದು ಸ್ವರ ಮೀಟಿ ಕಾಫಿ ಒಂದು ಗುಟುಕು ಕುಡಿಯಬಹುದು. ಬ್ಯಾಂಜೋದಲ್ಲಿ ಲೋಟ ಎತ್ತೋ ಹೊತ್ತಿಗೆ ಸ್ವರ ಸತ್ತಿರುತ್ತೆ. ಸತ್ತ ಜಾಗಕ್ಕೆ ಏನು ಹಾಕ್ತೀರಿ ಅನ್ನೋದೇ ಈ ವಾದ್ಯದ ಇಡೀ ವಿದ್ಯೆ. ಟ್ರಿಪ್ಲೆಟ್ ಹುಟ್ಟಿದ್ದು ಅಲಂಕಾರಕ್ಕಲ್ಲ, ಆ ಗುಂಡಿ ಮುಚ್ಚೋಕೆ. ಎಲ್ಲಾ ಗುಂಡಿ ಮುಚ್ಚಬೇಕಾಗಿಲ್ಲ ಅನ್ನೋದು ನನಗೆ ಯಾವ ವಿಡಿಯೋದಲ್ಲೂ ಸಿಗಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ. ಐರಿಷ್ ಜಿಗ್ ಅಂತ ಇದೆ, ಆರು ಎಂಟರ ಲಯ, ನಮ್ಮ ತಿಶ್ರ ನಡೆಗೆ ಹತ್ತಿರ. ಅದನ್ನ ಮೀಟೋ ಕ್ರಮ: ಕೆಳಗೆ-ಮೇಲೆ-ಕೆಳಗೆ, ಕೆಳಗೆ-ಮೇಲೆ-ಕೆಳಗೆ. ಮೂರನೇ ಪೆಟ್ಟೂ ಕೆಳಗೆ, ನಾಲ್ಕನೇದೂ ಕೆಳಗೆ. ಅಂದರೆ ಇವೆರಡರ ಮಧ್ಯೆ ಕೈ ತಂತಿ ಮುಟ್ಟದೆ ಮೇಲೆ ಬರಬೇಕು. ಯಾರಿಗೂ ಕೇಳಿಸದ ಪೆಟ್ಟು ಅದು. ಅವಸರದವರು ಅದನ್ನ ಬಿಟ್ಟು ಒಂದೇ ಸಮನೆ ಕೆಳಗೆ-ಮೇಲೆ ಆಡಿಸಿಕೊಂಡು ಹೋಗ್ತಾರೆ. ಸ್ವರ ಎಲ್ಲಾ ಸರಿಯಾಗೇ ಬರುತ್ತೆ, ಕುಣಿತ ಮಾತ್ರ ಹೊರಟುಹೋಗಿರುತ್ತೆ. ಯಾಕಂದ್ರೆ ತೂಕ ಬೀಳೋದು ಕೆಳಗಿನ ಪೆಟ್ಟಿಗೆ, ಆ ತೂಕಕ್ಕೆ ಬೇಕಾದ ಎತ್ತರ ಕೊಡೋದು ಆ ಸದ್ದಿಲ್ಲದ ಎತ್ತುಗೈ. ಟ್ರಿಪ್ಲೆಟ್ಟಿನ ಕೊನೆಯಲ್ಲೂ ಇದೇ ಕಥೆ. ಮೂರು ಪೆಟ್ಟು ಮುಗಿದು ಮುಂದಿನ ಬಡಿತಕ್ಕೆ ಮತ್ತೆ ಕೆಳಗೆ ಹೊಡೀಬೇಕು ಅಂದರೆ ಮಧ್ಯೆ ಕೈ ಖಾಲಿಯಾಗಿ ಮೇಲೆ ಬರಲೇಬೇಕು. "ಉಸ್ರೇ ಬುಡಲ್ವಲ್ಲೋ" ಅಂತ ಚಿಕ್ಕಪ್ಪ ಆಮೇಲೆ ಅಂದದ್ದು ಇದನ್ನೇ. ಅವರಿಗೆ ಜಿಗ್ಗೂ ಗೊತ್ತಿಲ್ಲ, ಡಬ್ಲಿನ್ನೂ ಗೊತ್ತಿಲ್ಲ.

ಬ್ಯಾಂಜೋ ಜೊತೆ ಒಡಹುಟ್ಟಿದಂಥ ವಾದ್ಯ ನಮ್ಮಲ್ಲಿ ಇದ್ದರೆ ಅದು ಸರೋದ್. ಸಿತಾರ್, ಗಿಟಾರ್ ಅಲ್ಲ. ಸರೋದಿನ ಹೊಟ್ಟೆಗೂ ಮೇಕೆ ಚರ್ಮ ಬಿಗಿದಿರ್ತಾರೆ. ಅದನ್ನೂ ಒಂದು ತುಣುಕು ಹಿಡಿದು ಮೀಟ್ತಾರೆ. ಕೆಳಗಿನ ಪೆಟ್ಟಿಗೆ 'ದಾ', ಮೇಲಿನದಕ್ಕೆ 'ರಾ' ಅಂತ ಹೆಸರು. ಆ ತುಣುಕಿನ ಹೆಸರು ಜವಾ, ಮಾಡೋದು ತೆಂಗಿನ ಕರಟದಲ್ಲಿ. ಕನ್ನಡದವರ ಭಾಗ್ಯಕ್ಕೆ ನಮ್ಮಲ್ಲಿ ರಾಜೀವ ತಾರಾನಾಥರು ಇದ್ದರು. 1932ರಲ್ಲಿ ಹುಟ್ಟಿ, ಇಂಗ್ಲಿಷ್ ಸಾಹಿತ್ಯದ ಮೇಷ್ಟರಾಗಿ, ಅಲಿ ಅಕ್ಬರ್ ಖಾನರ ಶಿಷ್ಯರಾಗಿ, 'ಸಂಸ್ಕಾರ' ಸಿನಿಮಾಕ್ಕೆ ಸಂಗೀತ ಕೊಟ್ಟು, 2024ರ ಜೂನ್‌ನಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಅವರ ಆಲಾಪದ ಯಾವುದಾದರೂ ಒಂದು ಧ್ವನಿಮುದ್ರಣ ತಗೊಂಡು ಮೊದಲ ಐದು ನಿಮಿಷ ಕೇಳಿ. ಒಂದು 'ದಾ' ಬೀಳುತ್ತೆ, ಚರ್ಮ ಅದನ್ನ ನುಂಗೋಕೆ ಶುರು ಮಾಡುತ್ತೆ, ಅವರು ಅವಸರ ಮಾಡಲ್ಲ. ಎಡಗೈ ಸ್ವರವನ್ನ ಎಳೆದುಕೊಂಡು ಹೋಗುತ್ತೆ, ಸದ್ದು ಮುಗಿಯೋ ಅಂಚಿಗೆ ಬಂದಾಗ, ಇನ್ನೇನು ಹೋಯ್ತು ಅನ್ನುವಾಗ, ಮುಂದಿನ ಪೆಟ್ಟು. ಬಾರ್ನಿ ಗುಂಡಿ ತುಂಬಿಸ್ತಾನೆ, ರಾಜೀವರು ಗುಂಡಿಯ ಅಂಚಲ್ಲಿ ಕೂತು ಒಳಗೆ ನೋಡ್ತಾರೆ. (ಸರೋದಿಗೆ ಅನುರಣನದ ತರಬ್ ತಂತಿಗಳ ಆಸರೆ ಇದೆ, ಬ್ಯಾಂಜೋ ಪಾಪ ಅನಾಥ. ಈ ವ್ಯತ್ಯಾಸ ಮರೆತು ಹೋಲಿಸಿದರೆ ಅನ್ಯಾಯ.) ಇಬ್ಬರ ವಿದ್ಯೆಯೂ ಬಲಗೈಯಲ್ಲಿದೆ. ಯಾವಾಗ ಹೊಡೀಬೇಕು, ಎಷ್ಟು ತೂಕದಲ್ಲಿ, ಯಾವಾಗ ಹೊಡೀಬಾರದು.

ಈಗ ನನ್ನ ತಕರಾರು. ನಮ್ಮ ಕನ್ನಡದ ಸಂಗೀತ ವಿಮರ್ಶೆಯಲ್ಲಿ ಈ ಕೈ ಎಲ್ಲಿದೆ? ಕಛೇರಿ ವರದಿಗಳನ್ನ ಓದಿ ನೋಡಿ. ರಾಗಭಾವ ಇದೆ, ಗಮಕ ಇದೆ, ಮನೋಧರ್ಮ ಇದೆ, ಮೀಂಡ್ ಇದೆ, ಕೇಳುಗರ ಮನಸೂರೆಗೊಂಡದ್ದಂತೂ ಇದ್ದೇ ಇದೆ. ಎಲ್ಲಾ ಎಡಗೈ ಬಾಬ್ತು. ಬಲಗೈ ಬಗ್ಗೆ ಏನಾದರೂ ಬಂದರೆ ಅದು 'ಮಿಂಚಿನ ವೇಗ'. ಅಂದರೆ ಎಡಗೈಗೆ ನೂರು ಮಾತು, ಬಲಗೈಗೆ ಸ್ಪೀಡೋಮೀಟರ್. ವಾದ್ಯವೂ ಹಾಡಬೇಕು ಅನ್ನೋದು ನಮ್ಮ ಪರಂಪರೆಯ ಆಸೆ, ಹಾಡೋದು ಅಂದರೆ ಸ್ವರ ಬಳುಕಿಸೋದು, ಬಳುಕಿಸೋದು ಎಡಗೈ. ಬೆಳೆದದ್ದು ಹೀಗೆ, ತಪ್ಪೇನಲ್ಲ. ಆದರೆ ಇದೇ ಮೈಸೂರು ಸೀಮೆಯಲ್ಲಿ ವೀಣೆಗೆ ಒಂದು ಬಾನಿ ಇದೆ: ಶೇಷಣ್ಣ (1852–1926), ಅವರ ಶಿಷ್ಯ ವೆಂಕಟಗಿರಿಯಪ್ಪ, ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ (1920–1997). ಈ ಬಾನಿಯ ಗುರುತೇ ಮೀಟು. ದೊರೆಸ್ವಾಮಿ ಅಯ್ಯಂಗಾರರನ್ನ ಹೆಡ್‌ಫೋನ್ ಹಾಕಿ ಕೇಳಿದರೆ ಒಂದೊಂದು ಸ್ವರವೂ ಬಿಡಿ ಬಿಡಿಯಾಗಿ, ಈಗಷ್ಟೇ ಬಿಡಿಸಿದ ಅವರೆಕಾಳಿನ ಹಾಗೆ ನಿಂತಿರುತ್ತೆ. ಅಂಥ ಬಾನಿ ಮನೆಯಲ್ಲೇ ಇದ್ದೂ ನಾವು ಮೀಟಿನ ಬಗ್ಗೆ ಮಾತಾಡೋ ಭಾಷೆ ಬೆಳೆಸಿಕೊಳ್ಳಲಿಲ್ಲ. 'ಶುದ್ಧವಾದ ಮೀಟು' ಅಂತ ಒಂದು ಪದಗುಚ್ಛ ಬರೆದು ಮುಂದೆ ಹೋದೆವು. ಯಾವುದರಿಂದ ಶುದ್ಧ? ಉಗುರಿನ ಕೋನ, ತಂತಿಯ ಯಾವ ಜಾಗ, ಎರಡು ಮೀಟಿನ ನಡುವಿನ ಬಿಡುವು, ಯಾವುದೂ ಇಲ್ಲ.

ಇದು ಬರೀ ಕಛೇರಿ ವಿಷಯ ಆಗಿದ್ದರೆ ಬಿಡಿ ಅನ್ನಬಹುದಿತ್ತು. ನನಗೆ ಚುಚ್ಚಿದ್ದು ಬೇರೆ. ಬಲಗೈಯನ್ನ ಲೆಕ್ಕಕ್ಕೇ ಹಿಡಿಯದ ಈ ಕಿವಿಗೆ ನಮ್ಮ ಮಂಡ್ಯ ಸೀಮೆಯ ಅತಿ ದೊಡ್ಡ ತಂತಿವಾದ್ಯ ಕೇಳಿಸೋದೇ ಇಲ್ಲ. ತಂಬೂರಿ.

ನೀಲಗಾರರನ್ನ ನೀವು ಕೇಳಿರಬಹುದು. ಮಂಟೇಸ್ವಾಮಿ, ಸಿದ್ದಪ್ಪಾಜಿ ಕಥೆಯನ್ನ ರಾತ್ರಿಯಿಡೀ ಹೇಳೋರು. ಇಲ್ಲೇ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಆ ಪರಂಪರೆಯ ದೊಡ್ಡ ಠಾವು. ಮುಖ್ಯ ಗಾಯಕ ಹೆಗಲಿಗೆ ತಂಬೂರಿ ಆನಿಸಿಕೊಂಡು ಒಂದು ಕೈಲಿ ಮೀಟ್ತಾನೆ, ಇನ್ನೊಂದು ಕೈಲಿ ಗಗ್ಗರ. ಪಕ್ಕದವರ ಹತ್ರ ದಮ್ಮಡಿ, ತಾಳ. ಸ್ವರ ಒತ್ತೋ ಮಾತೇ ಇಲ್ಲ, ಬಿಡಿ ತಂತಿ. ಅಂದರೆ ಬಲಗೈ ಸುದ್ದಿ ಬಿಟ್ಟರೆ ಈ ವಾದ್ಯದಲ್ಲಿ ಮಾತಾಡೋಕೆ ಏನೂ ಉಳಿಯಲ್ಲ. ಹಾಗಾಗಿ ನಾವು ಮಾತಾಡಿಯೂ ಇಲ್ಲ. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ ಕೇಳಿ ಬೆಳೆದ ಮನೆ ನಮ್ಮದು. ಅವರ ಕಂಠ, ಅವರ ಕಥೆ, ಅವರ ಮಾತಿನ ವರಸೆ ಬಗ್ಗೆ ಎಷ್ಟು ಹೊಗಳಿದರೂ ಸಾಲದು ಅನ್ನೋ ಜನರನ್ನ ನೋಡಿದ್ದೀನಿ. ಅಂಥ ಹಾಡುಗಾರರ ಮೀಟೋ ಕೈ ಬಗ್ಗೆ ಒಬ್ಬರು ಒಂದು ಮಾತಾಡಿದ್ದು ಕೇಳಿಲ್ಲ. ನಾನೂ ಆಡಿಲ್ಲ. ಅವರನ್ನ ನಾವು 'ಗಾಯಕರು' ಅಂತೀವಿ, 'ಕಲಾವಿದರು' ಅಂತೀವಿ, 'ವಾದಕರು' ಅಂತ ಯಾರೂ ಅನ್ನಲ್ಲ. ಅದು ಬರೀ ಶ್ರುತಿಗೆ, ಸುಮ್ನೆ ಟಿಂವ್ ಟಿಂವ್ ಅಂತ ಅಷ್ಟೇ. ನನ್ನ ಕಿವಿಯೂ ಹೀಗೇ ಇತ್ತು, ಅದೂ ತಂಬೂರಿ ಮೀಟೋ ಚಿಕ್ಕಪ್ಪನ ಮಡಿಲಲ್ಲಿ ನಿದ್ದೆ ಮಾಡಿ ಬೆಳೆದವನ ಕಿವಿ.

ಚಿಕ್ಕಪ್ಪ ನೀಲಗಾರ ದೀಕ್ಷೆ ಪಡೆದವರಲ್ಲ. ಊರ ಭಜನೆ ಮನೆಯಲ್ಲಿ ತತ್ವಪದ ಹಾಡ್ತಾರೆ, ಅಷ್ಟೇ. ಆವತ್ತು ಸಿಟ್ಟಿನ ಪ್ರಶ್ನೆ ಕೇಳಿದ ಮೇಲೆ ನನಗೂ ಸ್ವಲ್ಪ ಸಿಟ್ಟು ಬಂದಿತ್ತು. "ಹಂಗಾದ್ರೆ ನೀನೇ ನುಡ್ಸಿ ತೋರ್ಸು ಚಿಕ್ಕಪ್ಪ" ಅಂದೆ. ಒಳಗಿಂದ ತಂಬೂರಿ ತಂದರು. ನಾನು ಮೊದಲ ಸಲ ಹಾಡು ಬಿಟ್ಟು ಕೈ ನೋಡಿದೆ.

ಬೆರಳು ತಂತಿಯಿಂದ ಒಂದು ಅಂಗುಲವೂ ದೂರ ಹೋಗಲ್ಲ. ಪೆಟ್ಟು ಒಂದೇ ಥರ ಇದೆ ಅನ್ಸುತ್ತೆ, ಇಲ್ಲ. ಪದದ ಸಾಲು ಶುರುವಾಗೋ ಕಡೆ ಮೀಟು ಮಾತಿಗಿಂತ ಕೂದಲೆಳೆಯಷ್ಟು ಮುಂಚೆ ಬೀಳುತ್ತೆ, ಬಾಗಿಲು ತೆಗೆದು ನಿಂತ ಹಾಗೆ. ಸಾಲು ಮುಗಿಯೋ ಕಡೆ ಮೆತ್ತಗಾಗುತ್ತೆ. ಹಾಡು ನಿಲ್ಲಿಸಿ ಪದದ ಅರ್ಥ ಹೇಳುವಾಗಲೂ ಕೈ ನಿಲ್ಲಲ್ಲ. ಅವರು ಪಕ್ಕದವರ ಕಡೆ ತಿರುಗಿ ಕಣ್ಸನ್ನೆ ಮಾಡಿದರು, ಎಲೆಅಡಿಕೆ ಕೇಳಿದರು, ಕೈ ತನ್ನ ಪಾಡಿಗೆ ತಾನು. ಏನಿದೆ ಇದರಲ್ಲಿ, ಒಂದು ದಿನದಲ್ಲಿ ಕಲೀಬಹುದು ಅಂತೀರಾ? ನಾನೂ ಅಂದ್ಕೊಂಡೆ. ಇಸ್ಕೊಂಡು ಮೀಟಿದೆ. ಸುಮ್ಮನೆ ಮೀಟೋದು ಬಂತು. ಬಾಯಿ ತೆಗೆದು ಹಾಡೋಕೆ ಹೊರಟ ತಕ್ಷಣ ಬೆರಳು ಹಾಡಿನ ಹಿಂದೆ ನಾಯಿಮರಿ ಥರ ಓಡಿತು. ಮುಕ್ಕಾಲು ಗಂಟೆ ಆದರೂ ಹಾಡಿಗೂ ಬೆರಳಿಗೂ ಹೊಂದಲಿಲ್ಲ. ಬ್ಯಾಂಜೋದಲ್ಲಿ ಸೆಕೆಂಡಿಗೆ ಏಳು ಪೆಟ್ಟು ಹೊಡೆಯೋ ಕೈಗೆ ಇಲ್ಲಿ ಸೆಕೆಂಡಿಗೆ ಎರಡು ಆಗಲಿಲ್ಲ.

ಸರೋದಿನ ಜವಾ ಕರಟದ್ದು ಅಂತ ನಾನು ಮಾತಿನ ಮಧ್ಯೆ ಹೇಳಿದ್ದೇ ತಪ್ಪಾಯ್ತು. ಮದ್ದೂರು ಎಳನೀರು ಮಾರ್ಕೆಟ್ಟಿಗೆ ಲೋಡು ಕಳಿಸೋ ಮನೆಯಲ್ಲಿ ಕರಟಕ್ಕೇನು ಬರ. ಮಾರನೇ ದಿನ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಚಿಕ್ಕಪ್ಪ ಹಿತ್ತಲಲ್ಲಿ ಅರ ಹಿಡಿದು ಕೂತಿದ್ದರು. ನನ್ನ ನೈಲಾನ್ ಪಿಕ್ಕನ್ನ ಅಳತೆಗೆ ಇಟ್ಕೊಂಡು, ಅದರ ಎರಡರಷ್ಟು ದಪ್ಪದ ಒಂದು ಕರಟದ ತುಂಡು ಉಜ್ಜಿದ್ದರು. "ತಗಾ, ಇದ್ರಲ್ಲಿ ಬಡಿ ನೋಡವ."

ಅದರಲ್ಲಿ ಟ್ರಿಪ್ಲೆಟ್ ಬರಲ್ಲ. ಬಗ್ಗೋದೇ ಇಲ್ಲವಲ್ಲ, ಮಧ್ಯದ ಎತ್ತುಪೆಟ್ಟು ತಂತಿಗೆ ಸಿಕ್ಕಿಹಾಕಿಕೊಳ್ಳುತ್ತೆ. ತೀರಾ ನಿಧಾನ ಮಾಡಿ, ತುದಿಯನ್ನಷ್ಟೇ ಸೋಕಿಸಿ, ಬೇಕೇ ಬೇಕು ಅಂತ ಮನಸ್ಸು ಮಾಡಿದರೆ ಒಂದು ಬರುತ್ತೆ. ಸದ್ದು ಮಾತ್ರ ಬೇರೆ. ತಗಡಿನ ಗುಣ ಹೋಗಿ ಮರದ ಗುಣ ಬಂದಿತ್ತು. ಮೇಸನ್ಸ್ ಏಪ್ರನ್ನನ್ನ ಅದರಲ್ಲಿ ನುಡಿಸೋಕೆ ಹೋಗಿ ಬಿಟ್ಟೆ, ಒಂದು ಜಿಗ್ ಹಿಡಿದೆ, 60ಕ್ಕಿಂತ ಕೆಳಗೆ. ಕೈ ಖಾಲಿಯಾಗಿ ಮೇಲೆ ಬರೋದು ಮೊದಲ ಸಲ ನನಗೇ ಗೊತ್ತಾಯ್ತು. ತಂಬೂರಿ ಶ್ರುತಿ ನನ್ನ ತಂತಿಗೆ ಅರ್ಧ ಸ್ವರ ಹತ್ತಿರ ಇತ್ತು. ನಾನೇ ಇಳಿಸಿಕೊಂಡೆ. ಚಿಕ್ಕಪ್ಪ ಎರಡು ಸುತ್ತು ಸುಮ್ಮನೆ ಕೇಳಿ ಮೂರನೇ ಸುತ್ತಿಗೆ ಕೈ ಹಾಕಿದರು.

ಫೋನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೀನಿ, ನಾಲ್ಕು ನಿಮಿಷ ಚಿಲ್ಲರೆ ಇದೆ. ಕೋಳಿ ಕೂಗಿದೆ, ಯಾರದೋ ಬೈಕು ಹೋಗಿದೆ. ನಾನು ಹಾಕಿದ ಟ್ರಿಪ್ಲೆಟ್ ಹನ್ನೊಂದು. ಅದರಲ್ಲಿ ಮೂರು ಇರಲಿ, ಉಳಿದ ಎಂಟು ಬೇಕಿರಲಿಲ್ಲ ಅನ್ನೋದು ರೈಲಲ್ಲಿ ವಾಪಸ್ ಬರುವಾಗ ಹೆಡ್‌ಫೋನಲ್ಲಿ ಕೇಳಿ ನಾನೇ ಮಾಡಿದ ತೀರ್ಮಾನ. ಚಿಕ್ಕಪ್ಪನ ಲೆಕ್ಕ ಕೇಳೋಣ ಅಂತ ಫೋನ್ ಮಾಡಿದೆ. ತೋಟದಲ್ಲಿದ್ದರು, ಲೋಡು ತುಂಬಿಸ್ತಿದ್ದರು. "ಎರಡು ಚೆನ್ನಾಗಿದ್ವು ಕಣ್ಲಾ" ಅಂದರು. ಯಾವೆರಡು ಅಂತ ಕೇಳೋಷ್ಟರಲ್ಲಿ ಲೈನ್ ಕಟ್ಟಾಯ್ತು.